ಅಂಟಿದರೆ ಅಂಟಲಿ

ಮಾರ್ಚ್ 4

ಮಗಳಿಗೆ,

ಪತ್ರದ ನೆತ್ತಿಯ ಮೇಲೆ ಕ್ಷೇಮ ಅಂತ ಬರೆಯುವುದು ವಾಡಿಕೆ. ಮೈ ಕ್ಷೇಮವಾಗಿದೆ, ತಲೆ ಕೆಟ್ಟಿದೆ. ಫೋನಿನಲ್ಲಿ ಮಾತಾಡೋಣವೆಂದರೆ, ಇಷ್ಟು ವರ್ಷ ಕುರ್ಚಿಗಳಿಗೆ ಸುತ್ತಿಗೆ ಬಡಿದ ಈ ಕಿವಿಗೆ ನಿನ್ನ ಆಸ್ಪತ್ರೆಯ ಪಿಸುಮಾತು ಕೇಳುವುದಿಲ್ಲ. ನಾನು ಕೂಗಿದರೆ ನಿನ್ನ ಚಿಕ್ಕ ಮಗ ಅಷ್ಟನ್ನೂ ಕೇಳಿಸಿಕೊಂಡು ಬೀದಿಗೆಲ್ಲ ಹಂಚುತ್ತಾನೆ. ಅವನಿಗೆ ಗೊರವಂಕ ಅಂತ ಅಡ್ಡಹೆಸರಿಟ್ಟವರು ಸರಿಯಾಗಿಯೇ ಇಟ್ಟಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನ ಅಕ್ಷರ, ಓದಲು ಬಂದಷ್ಟು ಓದಿಕೋ.

ಹುಡುಗ ಚೆನ್ನಾಗಿದ್ದಾನೆ. ಬೆಳಿಗ್ಗೆ ಎದ್ದವನೇ ಅಂಗಡಿಗೆ ಬಂದು ರಿಪೇರಿಗೆ ಬಿದ್ದಿರುವ ಕುರ್ಚಿಗಳಲ್ಲಿ ಒಂದೊಂದಾಗಿ ಕೂತು ತೀರ್ಪು ಕೊಡುತ್ತಾನೆ. ನಿನ್ನೆ ವಕೀಲರು ತಮ್ಮ ಕುರ್ಚಿ ಒಯ್ಯಲು ಬಂದಾಗ ಅವರ ಎದುರಿಗೇ, "ಅಜ್ಜ, ಇದು ಇನ್ನೂ ನರಳ್ತಿದೆ" ಅಂದ. ನರಳುತ್ತಿತ್ತು, ನಿಜ. ವಕೀಲರು ಅದನ್ನು ಬಿಟ್ಟು ಹೋದರು. ನಿನ್ನ ಮಗನಿಂದ ನನಗೆ ಆಗುತ್ತಿರುವ ಉಪಕಾರ ಇಂಥದ್ದು.

ಈಗ ವಿಷಯಕ್ಕೆ ಬರುತ್ತೇನೆ. ಅವನ ಚೀಲದ ಜೊತೆ ನೀನೊಂದು ಹಾಳೆ ಇಟ್ಟಿದ್ದೀಯ. ಅಣ್ಣನ ತಟ್ಟೆ, ಲೋಟ, ಟವೆಲು, ಹಾಸಿಗೆ, ಯಾವುದೂ ತಮ್ಮನ ಹತ್ತಿರ ಸುಳಿಯಬಾರದು. ಎರಡು ತಿಂಗಳು ಒಬ್ಬರನ್ನೊಬ್ಬರು ಮುಟ್ಟಬಾರದು. ಕೆಳಗೆ ಎರಡು ಗೆರೆ ಎಳೆದು ಬರೆದಿದ್ದೀಯ, ನಾನೇನು ಕುರುಡನೋ ಎಂಬಂತೆ. ಆದರೆ ಯಾಕೆ ಅಂತ ಒಂದು ಸಾಲಿಲ್ಲ. ದೊಡ್ಡವನಿಗೆ ಔಷಧಿ ಕೊಡುತ್ತಾರೆ ಅಂತೀಯ, ಆಮೇಲೆ ವೈರಸ್ ಅಂತೀಯ. ಎರಡರಲ್ಲಿ ಒಂದು ಹೇಳು. ಔಷಧಿಯಾದರೆ ಹೆದರುವುದೇಕೆ, ವೈರಸ್ಸಾದರೆ ಕೊಡುವುದೇಕೆ.

ರಾತ್ರಿ ಊಟದ ಹೊತ್ತಿಗೆ ಗೊರವಂಕ ಕೇಳಿದ, "ಅಣ್ಣಂಗೆ ನನ್ನ ಮೇಲೆ ಕೋಪಾನಾ ಅಜ್ಜ?"

"ಇಲ್ಲ ಕಣೋ."

"ಅಮ್ಮಂಗೆ?"

"ಇಲ್ಲ."

"ನಿಂಗೆ?"

"ನಂಗೆ ಎಲ್ಲರ ಮೇಲೂ ಕೋಪ. ಬಾಯಿ ಮುಚ್ಚಿಕೊಂಡು ತಿನ್ನು."

ಬಾಯಿ ಮುಚ್ಚಿಕೊಂಡು ಹೇಗೆ ತಿನ್ನೋದು ಅಂತ ಕೇಳಿದ. ಇವನನ್ನು ಇಟ್ಟುಕೊಂಡು ಎರಡು ತಿಂಗಳು.

ಉತ್ತರ ಬರಿ, ಬಿಡಿಸಿ ಬರಿ.

ನಿನ್ನಪ್ಪ


ಮಾರ್ಚ್ 9

ಅಪ್ಪ,

ಔಷಧಿ ಹಾಕಿದರು. ಒಂದು ಗಂಟೆ ಡ್ರಿಪ್, ಅಷ್ಟೇ. ಇಷ್ಟು ವರ್ಷ ಕಾದದ್ದು ಒಂದು ಗಂಟೆಯಲ್ಲಿ ಮುಗಿಯಿತು. ಆಮೇಲೆ ಮೂರು ದಿನ ವಾಂತಿ, ಜ್ವರ. ಈಗ ಕೂತಿದ್ದಾನೆ. ಇವನಿಗೆ ಇಲ್ಲೂ ಮೇಸ್ತ್ರಿ ಎಂಬ ಹೆಸರೇ ನಿಂತಿದೆ. ನರ್ಸುಗಳಿಗೆ ಯಾವ ದಿಂಬು ಎಲ್ಲಿಡಬೇಕು ಅಂತ ಹೇಳಿಕೊಡುತ್ತಾನೆ.

ನೀನು ಕೇಳಿದ್ದಕ್ಕೆ ಹೇಳುತ್ತೇನೆ. ಮಕ್ಕಳಿಬ್ಬರ ಮೈಗೂ ಸ್ನಾಯು ಗಟ್ಟಿ ಮಾಡುವ ಒಂದು ಪದಾರ್ಥ ತಯಾರಿಸಲು ಬರುವುದಿಲ್ಲ. ಅದನ್ನು ಮಾಡುವ ವಿಧಾನವನ್ನು, ಅಡುಗೆ ಹೇಳಿಕೊಟ್ಟ ಹಾಗೆ, ಮೈಯ ಒಳಗೆ ಕಳಿಸಬೇಕು. ಹೊತ್ತುಕೊಂಡು ಹೋಗಲು ಒಂದು ಗಾಡಿ ಬೇಕಲ್ಲ. ವೈರಸ್ಸಿಗೆ ಮೈಯೊಳಗೆ ನುಗ್ಗುವ ದಾರಿ ಚೆನ್ನಾಗಿ ಗೊತ್ತು. ಆದ್ದರಿಂದ ಯಾರಿಗೂ ಕಾಯಿಲೆ ತರದ ಒಂದು ವೈರಸ್ಸಿನ ಒಳಗಿದ್ದದ್ದನ್ನು ಖಾಲಿ ಮಾಡಿ, ಬರೀ ಚಿಪ್ಪು ಉಳಿಸಿಕೊಂಡು, ಅದರಲ್ಲಿ ಇದನ್ನು ತುಂಬಿ ಕಳಿಸುತ್ತಾರೆ. ಹಾಗಾಗಿ ಔಷಧಿಯೂ ಹೌದು, ವೈರಸ್ಸೂ ಹೌದು.

ಕಷ್ಟವೇನೆಂದರೆ ಮೈಗೆ ಇದು ತಿಳಿಯುವುದಿಲ್ಲ. ಯಾರೋ ಕಳ್ಳ ಬಂದ ಅಂತ ಹೊಡೆಯಲು ಹೋಗುತ್ತದೆ. ಅದನ್ನು ಸುಮ್ಮನಿರಿಸಲು ಇವನಿಗೆ ದಿನಾ ಸ್ಟೀರಾಯ್ಡ್ ಮಾತ್ರೆ ಕೊಡುತ್ತಿದ್ದಾರೆ. ಇನ್ನು ಕೆಲವು ವಾರ ಇವನ ಎಂಜಲಲ್ಲಿ, ಮಲಮೂತ್ರದಲ್ಲಿ ಆ ವೈರಸ್ ಸ್ವಲ್ಪ ಸ್ವಲ್ಪ ಹೊರಗೆ ಬರುತ್ತಿರುತ್ತದೆ. ಚಿಕ್ಕವನಿಗೆ ಅದು ಅಂಟಬಾರದು. ಅವನಿಗೆ ಜುಲೈನಲ್ಲಿ ನಾಲ್ಕು ತುಂಬಿದ ಮೇಲೆ ಇದೇ ಔಷಧಿಗೆ ತೆಗೆದುಕೊಳ್ಳುತ್ತಾರೆ. ಅಂಟಿದರೆ ಏನಾಗುತ್ತದೆ ಅಂತ ಮತ್ತೆ ಬರೆಯುತ್ತೇನೆ, ರಕ್ತ ತೆಗೆಯಲು ಬಂದರು. ಇವನು ನನ್ನ ಕೈ ಬಿಡುತ್ತಿಲ್ಲ.

ಹಾಳೆಯಲ್ಲಿ ಬರೆದಷ್ಟು ಮಾಡು ಸಾಕು.

ನಿನ್ನ ಮಗಳು


ಮಾರ್ಚ್ 19

ಮಗಳಿಗೆ,

ಮತ್ತೆ ಬರೆಯುತ್ತೇನೆ ಅಂದದ್ದು ಮತ್ತೆ ಬರಲಿಲ್ಲ. ಬಾರದಿದ್ದರೇನಂತೆ, ನನಗೆ ಅರ್ಥವಾಯಿತು. ಕೆಲಸವನ್ನೂ ಮುಗಿಸಿದ್ದೇನೆ.

ಮೊದಲು ಒಂದು ಮಾತು. ಮೇಸ್ತ್ರಿ ನೆಲದಿಂದ ಏಳುವುದು ಹೇಗೆ ಅಂತ ನಿನಗೆ ನಾನು ಹೇಳಬೇಕಾಗಿಲ್ಲ. ಪೃಷ್ಠ ಮೇಲೆತ್ತಿ, ಮೊಣಕಾಲಿಗೆ ಕೈಯೂರಿ, ತೊಡೆಗೆ ಕೈಯೂರಿ, ತನ್ನ ಮೈಯನ್ನೇ ಏಣಿ ಮಾಡಿಕೊಂಡು ಹತ್ತುತ್ತಾನೆ. ಹೋದ ವಾರ ಗೊರವಂಕ ಮೇಜಿನ ಕೆಳಗಿಂದ ಹಾಗೇ ಎದ್ದ. ನಾನು ನೋಡುತ್ತಿರುವುದು ಗೊತ್ತಾಗಿ, "ಅಜ್ಜ, ನಾನು ಅಣ್ಣನ ಥರ ಏಳ್ತೀನಿ, ನೋಡು" ಅಂದ. ಆಟಕ್ಕೆ ಮಾಡುತ್ತಿದ್ದಾನೆ ಅಂದುಕೊಂಡು, "ನಿನ್ನ ಥರ ಏಳೋ" ಅಂದೆ. ಅವನಿಗೆ ಬೇರೆ ಥರ ಏಳಲು ಬರಲಿಲ್ಲ.

ನೀನು ಜುಲೈ ಅಂತೀಯ.

ಭಾನುವಾರ ನಾನು ಆಸ್ಪತ್ರೆಗೆ ಬಂದಾಗ ನೀನು ಮಾತ್ರೆ ತರಲು ಕೆಳಗೆ ಹೋದೆಯಲ್ಲ, ಆಗ ಮೇಸ್ತ್ರಿ ನರ್ಸು ಕೊಟ್ಟ ಹಸಿರು ಪೀಪಿ ಊದುತ್ತ ಕೂತಿದ್ದ. ಒಂದು ಸಲ ಊದಿದರೆ ನೀರು, ಎರಡು ಸಲ ಊದಿದರೆ ದಿಂಬು. ನನ್ನನ್ನು ಹತ್ತಿರ ಕರೆದು ಅದನ್ನು ಕೈಗಿಟ್ಟ. "ತಮ್ಮಂಗೆ ಕೊಡಜ್ಜ. ನಾನು ಬರೋವರೆಗೂ ಅವನೇ ಮೇಸ್ತ್ರಿ ಅಂತ ಹೇಳು" ಅಂದ. ಪೀಪಿ ಇನ್ನೂ ಒದ್ದೆಯಾಗಿತ್ತು. ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟೆ.

ಬಸ್ಸಿನಲ್ಲಿ ಕೂತು ಯೋಚಿಸಿದೆ. ನಾನು ಸಣ್ಣವನಿದ್ದಾಗ ನನ್ನ ಅಣ್ಣನಿಗೆ ಮಂಗಬಾವು ಬಂತು. ನಮ್ಮಮ್ಮ ನನ್ನನ್ನು ಅವನ ಪಕ್ಕದಲ್ಲೇ ಮಲಗಿಸಿ, ಒಂದೇ ಲೋಟದಲ್ಲಿ ಹಾಲು ಕುಡಿಸಿದಳು. "ಅಂಟಿದರೆ ಅಂಟಲಿ, ಇಬ್ಬರದ್ದೂ ಒಟ್ಟಿಗೆ ಮುಗಿಯುತ್ತೆ" ಅಂದಳು. ಮುಗಿಯಿತು. ಎರಡು ವಾರ ಇಬ್ಬರೂ ಮಂಗಗಳ ಹಾಗೆ ಮುಖ ಊದಿಸಿಕೊಂಡು ಕೂತೆವು, ಆಮೇಲೆ ಜನ್ಮದಲ್ಲಿ ಬರಲಿಲ್ಲ. ಕೆಟ್ಟದ್ದು ಅಂಟುತ್ತದೆ ಅಂದಮೇಲೆ ಒಳ್ಳೆಯದು ಅಂಟುವುದಿಲ್ಲವೇ. ಔಷಧಿಯೇ ವೈರಸ್ಸು, ವೈರಸ್ಸು ಎಂಜಲಲ್ಲಿ ಬರುತ್ತದೆ, ಇದು ನಿನ್ನದೇ ಬರಹ. ಹಾಗಿದ್ದರೆ ತಮ್ಮನಿಗೆ ಬೇಡ ಅಂತ ಬೇಲಿ ಹಾಕುವುದು ಯಾಕೆ? ಆಸ್ಪತ್ರೆಯವರಿಗೆ ಎಲ್ಲವೂ ತಮ್ಮ ಕೈಯಿಂದ, ತಮ್ಮ ಸೂಜಿಯಿಂದಲೇ ಆಗಬೇಕು. ಅವರ ದೊಡ್ಡಸ್ತಿಕೆಗೆ ಆ ಹುಡುಗನ ಕಾಲು ಜುಲೈವರೆಗೆ ಕಾಯಬೇಕೇ?

ಮನೆಗೆ ಬಂದು ಪೀಪಿ ಕೊಟ್ಟೆ. ತೊಳೆಯಲಿಲ್ಲ. ಹುಡುಗ ಮೂರು ದಿನದಿಂದ ಅದನ್ನು ಬಾಯಿಂದ ತೆಗೆದಿಲ್ಲ. ಬೀದಿಯವರು ನನ್ನನ್ನು ಶಪಿಸುತ್ತಿದ್ದಾರೆ. ಇವತ್ತು ಬೆಳಿಗ್ಗೆಯಿಂದ ಮೂಗು ಸೋರುತ್ತಿದೆ, ಮೈ ಸ್ವಲ್ಪ ಬಿಸಿ. ಹಿಡಿದಿದೆ ಅಂತಲೇ ನನ್ನ ಲೆಕ್ಕ.

ಹೊಗಳಬೇಕಾಗಿಲ್ಲ. ಡಾಕ್ಟರಮ್ಮನಿಗೆ ಹೇಳು, ಒಂದು ಸೂಜಿ ಉಳಿಯಿತು ಅಂತ.

ನಿನ್ನಪ್ಪ


ಮಾರ್ಚ್ 22

ಅಪ್ಪ,

ನಿಮ್ಮ ಪತ್ರವನ್ನು ಡಾಕ್ಟರಮ್ಮನಿಗೆ ಓದಿ ಹೇಳಿದೆ. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಈಗ ಬಿಡಿಸಿ ಬರೆಯುತ್ತೇನೆ, ನಿಮಗೆ ಬಿಡಿಸಿ ಬರೆದರೆ ಮಾತ್ರ ತಿಳಿಯುವುದಲ್ಲವೇ. ಈ ವೈರಸ್ ಮಂಗಬಾವಿನ ಹಾಗೆ ಮೈಯೊಳಗೆ ಬೆಳೆಯುವುದಿಲ್ಲ. ಹಾಕಿದ್ದೆಷ್ಟೋ ಅಷ್ಟೇ. ದೊಡ್ಡವನಿಗೆ ಕೊಟ್ಟದ್ದು ಲೆಕ್ಕ ಹಾಕಲಾಗದಷ್ಟು. ಎಂಜಲಲ್ಲಿ ಬರುವುದು ಚೂರುಪಾರು. ಅದರಿಂದ ಯಾರ ಕಾಲಿಗೂ ಬಲ ಬರುವುದಿಲ್ಲ. ಆದರೆ ಗುರುತು ಹಿಡಿಯಲು ಆ ಚೂರೇ ಸಾಕಾಗಬಹುದು. ಚಿಕ್ಕವನ ಮೈ ಆ ಚಿಪ್ಪನ್ನು ಒಮ್ಮೆ ನೋಡಿ ನೆನಪಿಟ್ಟುಕೊಂಡರೆ, ಜುಲೈನಲ್ಲಿ ನಿಜವಾದ ಔಷಧಿ ಹಾಕಿದಾಗ ಬಾಗಿಲಲ್ಲೇ ಹಿಡಿದು ಕೊಂದುಹಾಕುತ್ತದೆ. ಔಷಧಿ ಸ್ನಾಯು ಮುಟ್ಟುವುದೇ ಇಲ್ಲ. ಅವನ ಪ್ರಾಣಕ್ಕೂ ಅಪಾಯ. ಆದ್ದರಿಂದ ಮೊದಲು ರಕ್ತ ನೋಡುತ್ತಾರೆ. ಆ ನೆನಪು ರಕ್ತದಲ್ಲಿ ಇದ್ದರೆ ಔಷಧಿ ಕೊಡುವುದೇ ಇಲ್ಲ. ದೊಡ್ಡವನಿಗೂ ಇನ್ನೊಂದು ಸಲ ಕೊಡಲಾಗದಿರುವುದು ಇದಕ್ಕೇ. ಒಬ್ಬರಿಗೆ ಒಂದೇ ಸಲ.

ನೀವು ಹಿಡಿದಿದೆ ಅಂತ ಸಂತೋಷಪಟ್ಟದ್ದು ಬರೀ ನೆಗಡಿ. ಈ ವೈರಸ್ಸಿಗೆ ಮೂಗು ಸೋರಿಸಲೂ ಬರುವುದಿಲ್ಲ.

ಸೋಮವಾರ ಇವರು ಬಂದು ಹುಡುಗನನ್ನು ಕರೆದುಕೊಂಡು ಹೋಗುತ್ತಾರೆ. ಅವನು ಅವನ ಸೋದರತ್ತೆಯ ಮನೆಯಲ್ಲಿರುತ್ತಾನೆ. ಪೀಪಿ ಕೊಟ್ಟು ಕಳಿಸಬೇಡಿ.

ಮಗಳು


ಮಾರ್ಚ್ 27

ಮಗಳಿಗೆ,

ಅಳಿಯ ಬಂದಿದ್ದ. ಅಂಗಡಿಯ ತುಂಬ ಕುರ್ಚಿ, ಒಂದರಲ್ಲೂ ಕೂರಲಿಲ್ಲ. ನಿಂತೇ ಇದ್ದು, ಹುಡುಗನ ಚೀಲ ಎತ್ತಿಕೊಂಡು, "ಬರ್ತೀನಿ ಮಾವ" ಅಂದು ಹೊರಟ. ಒಂದು ಮಾತು ಬೈದಿದ್ದರೆ ನಾನು ನಾಲ್ಕು ವಾಪಸ್ ಕೊಡುತ್ತಿದ್ದೆ. ನಿಮ್ಮ ಕಡೆ ಯಾರಿಗೂ ಜಗಳವಾಡಲು ಬರುವುದಿಲ್ಲ. ಬಾಗಿಲು ಹಾಕಿಕೊಳ್ಳಲು ಮಾತ್ರ ಬರುತ್ತದೆ.

ನನ್ನನ್ನು "ನೀವು" ಅಂತ ಬರೆದಿದ್ದೀಯ. ಬಾಡಿಗೆ ವಸೂಲಿಗೆ ಬಂದವರನ್ನು ಹಾಗೆ ಕರೆಯುತ್ತಾರೆ. ನೀನು ಮಾತು ಕಲಿತ ದಿನದಿಂದ ನನಗೆ "ನೀನು" ಅಂದವಳು.

ತಪ್ಪು ಯಾರದು ಅಂತ ನಾನು ಹೇಳಲೇ? "ಅಂಟಿದರೆ ಏನಾಗುತ್ತದೆ ಅಂತ ಮತ್ತೆ ಬರೆಯುತ್ತೇನೆ." ಇದು ನಿನ್ನ ಕೈಬರಹ. ಆ ಒಂದು ಸಾಲು ಅವತ್ತೇ ಬರೆದಿದ್ದರೆ ಮುಗಿಯುತ್ತಿತ್ತು. ಮಾಡಬೇಡ ಅಂತ ಎರಡು ಗೆರೆ ಎಳೆಯಲು ಪುರುಸೊತ್ತಿದೆ, ಯಾಕೆ ಅಂತ ಹೇಳಲು ಇಲ್ಲ. ನಾನು ಜನ್ಮದಲ್ಲಿ ಕಾರಣ ಹೇಳದ ಮಾತನ್ನು ಕೇಳಿದವನಲ್ಲ. ಶಾಲೆ ಬಿಟ್ಟದ್ದೂ ಅದಕ್ಕೇ.

ಈಗ ಬರೆದದ್ದು ತಿಳಿಯಿತು. ಚೆನ್ನಾಗಿ ತಿಳಿಯಿತು. ಕುರ್ಚಿಯ ಕೀಲು ಸಡಿಲವಾದಾಗ ಹಳೆಯ ಅಂಟನ್ನು ಕೆರೆದು ತೆಗೆಯಬೇಕು. ಅದರ ಮೇಲೇ ಹೊಸದು ಸವರಿದರೆ ಎಷ್ಟು ಸವರಿದರೂ ಹಿಡಿಯುವುದಿಲ್ಲ. ಮರ ಹೊಸ ಅಂಟನ್ನು ಕುಡಿಯಲು ಹಳೆಯದು ಬಿಡುವುದಿಲ್ಲ. ಮರವಾದರೆ ಉಳಿ ತೆಗೆದುಕೊಂಡು ಕೆರೆಯಬಹುದು. ಹುಡುಗನ ರಕ್ತವನ್ನು ಏನಿಂದ ಕೆರೆಯುವುದು? ಡಾಕ್ಟರಮ್ಮನನ್ನು ಕೇಳಿ ಬರಿ.

ಪೀಪಿ ಒಲೆಗೆ ಹಾಕಿದೆ. ಹಸಿರು ಹೊಗೆ ಬರುತ್ತದೆ ಅಂದುಕೊಂಡಿದ್ದೆ, ಕಪ್ಪು ಹೊಗೆಯೇ ಬಂತು.

ಅಪ್ಪ


ಏಪ್ರಿಲ್ 20

ಮಗಳಿಗೆ,

ಉತ್ತರವಿಲ್ಲ. ಅಂಚೆಯವನನ್ನು ಕೇಳಿದರೆ, "ಬಂದರೆ ಕೊಡ್ತೀನಿ ಯಜಮಾನ್ರೇ, ನಾನು ಬರೆಯೋಕಾಗುತ್ತಾ" ಅಂತಾನೆ. ದಿನಾ ಕೇಳಿ ಕೇಳಿ ಈಗ ಅವನು ಆಚೆ ಬದಿಯ ರಸ್ತೆಯಲ್ಲೇ ನಡೆಯುತ್ತಾನೆ.

ಸಿಟ್ಟಿದ್ದರೆ ಸಿಟ್ಟು ಬರಿ. ಏನೂ ಬರೆಯದಿರುವುದು ಯಾವ ನ್ಯಾಯ?

ಅಳಿಯನಿಗೆ ನಾನೇ ಫೋನು ಮಾಡಿದೆ. ಮೇಸ್ತ್ರಿಯ ಲಿವರ್ ಕೆಟ್ಟಿದೆ, ರಕ್ತದಲ್ಲಿ ಯಾವುದೋ ಅಂಕಿ ಏರಿದೆ, ಮತ್ತೆ ಆಸ್ಪತ್ರೆಗೆ ಸೇರಿಸಿದ್ದೇವೆ ಅಂದ. "ಯಾಕೆ ಏರಿತು?" ಅಂದೆ. "ಅವನ ಮೈ ಔಷಧಿ ಮೇಲೆ ಯುದ್ಧ ಮಾಡ್ತಿದೆ ಮಾವ. ಆ ವೈರಸ್ ಹೋಗಿ ಕೂತ ಜಾಗಗಳನ್ನೇ ಹೊಡೀತಿದೆ" ಅಂದ. ಸರಿಯಾಗಿ ಕೇಳಿಸಿತು, ಈ ಸಲ ಅವನೂ ಕೂಗುತ್ತಿದ್ದ.

ಎಂಥ ಮೈ ಅದು. ಉಪಕಾರ ಮಾಡಲು ಬಂದವನನ್ನು ಯಾರು, ಏನು ಅಂತ ಕೇಳದೆ ಬಾಗಿಲಲ್ಲೇ ಹೊಡೆಯುವುದು. ತನ್ನ ಲಿವರನ್ನೇ ತಾನು ಸುಟ್ಟುಕೊಳ್ಳುವುದು. ಯಾರ ಹಾಗೆ ಅಂತ ನೀನು ಬಾಯಿಬಿಟ್ಟು ಹೇಳಬೇಡ, ನನಗೆ ಗೊತ್ತು.

ಅಂಕಿ ಇಳಿಯಿತೋ ಇಲ್ಲವೋ, ಒಂದು ಸಾಲು ಬರಿ. ಒಂದು ಸಾಲು ಬರೆದರೆ ಸೋತ ಹಾಗೆ ಆಗುವುದಿಲ್ಲ.

ಅಪ್ಪ


ಮೇ 2

ಅಜ್ಜ,

ನಾನು ಹೇಳ್ತಿದ್ದೀನಿ, ಅಮ್ಮ ಬರೀತಿದ್ದಾಳೆ. ನಾನು ಹೇಳಿದ್ದನ್ನೆಲ್ಲ ಬರೀಬೇಕು ಅಂತ ಪ್ರಾಮಿಸ್ ಮಾಡಿಸಿಕೊಂಡಿದ್ದೀನಿ.

ನನ್ನ ಅಂಕಿ ಇಳೀತಾ ಇದೆ. ಸ್ಟೀರಾಯ್ಡ್ ಮಾತ್ರೆ ಡಬಲ್ ಮಾಡಿದರು. ಅದು ತಿಂದರೆ ಹಸಿವಾಗುತ್ತೆ, ಕೋಪ ಬರುತ್ತೆ. ನನ್ನ ಮುಖ ಚೆಂಡಿನ ಥರ ಆಗಿದೆ. ನರ್ಸ್ ಅಕ್ಕಂಗೆ "ತೊಲಗು" ಅಂದೆ. ಅಮ್ಮ, "ಥೇಟ್ ನಿಮ್ಮಜ್ಜ" ಅಂದಳು. (ಇದನ್ನು ಬರೆಯುವುದಿಲ್ಲ ಅಂದೆ. ಪ್ರಾಮಿಸ್ ಅಂದ.) ಅಜ್ಜ, ನೀನೂ ಈ ಮಾತ್ರೆ ತಿಂತೀಯಾ?

ಮೊನ್ನೆ ನಾನು ಮೆಟ್ಟಿಲು ಹತ್ತಿದೆ. ಆಸ್ಪತ್ರೆಯಲ್ಲಿ ಸುಳ್ಳು ಮೆಟ್ಟಿಲು ಇಟ್ಟಿದ್ದಾರೆ, ನಾಲ್ಕೇ ನಾಲ್ಕು, ಮೇಲೆ ಹೋದರೆ ಏನೂ ಇಲ್ಲ. ಹತ್ತಿ ಸುಮ್ಮನೆ ಇಳೀಬೇಕು. ಕಂಬಿ ಹಿಡಿಯದೆ ಎರಡು ಹತ್ತಿದೆ. ಡಾಕ್ಟರಮ್ಮ ಗಡಿಯಾರ ನೋಡ್ತಿದ್ದರು. ಅಮ್ಮ ಗೋಡೆ ಕಡೆ ತಿರುಗಿಕೊಂಡಳು. (ಧೂಳು ಬಿದ್ದಿತ್ತು.) ಧೂಳು ಇರಲಿಲ್ಲ ಅಜ್ಜ, ಅಲ್ಲಿ ದಿನಾ ಒರೆಸ್ತಾರೆ.

ಅಮ್ಮ ನಿನ್ನ ಹತ್ತಿರ ಟೂ ಬಿಟ್ಟಿದ್ದಾಳಾ? ಅಪ್ಪ, ಅಮ್ಮ ಮಾತಾಡೋದು ನಂಗೆ ಕೇಳಿಸ್ತು. ನೀನು ಪೀಪಿ ಕೊಟ್ಟೆ ಅಂತ ಕೋಪ. ಪೀಪಿ ನಿನ್ನದಲ್ಲ, ನನ್ನದು. ಕೊಡು ಅಂತ ಹೇಳಿದ್ದು ನಾನು. ಅಮ್ಮಂಗೆ ಹೇಳಿದೆ, ಅವಳು ಬರೆಯೋದು ನಿಲ್ಲಿಸಿಬಿಟ್ಟಳು. ಬರಿ ಅಂದೆ. ಈಗ ಬರೀತಿದ್ದಾಳೆ.

ತಮ್ಮ ಅತ್ತೆ ಮನೆಯಿಂದ ಬಂದ ಮೇಲೆ ಇಬ್ಬರೂ ನಿನ್ನ ಅಂಗಡಿಗೆ ಬರ್ತೀವಿ. ನನಗೆ ತಿರುಗೋ ಕುರ್ಚಿ ಬೇಕು.

ಇಂತಿ ಮೇಸ್ತ್ರಿ
(ಇದು ಅವನೇ ಗೀಚಿದ ಸಹಿ.)


ಜುಲೈ 11

ಅಪ್ಪ,

ಚಿಕ್ಕವನ ರಕ್ತದ ವರದಿ ಬಂತು. ಆ ಚಿಪ್ಪಿನ ನೆನಪು ಇದೆ. ಅವರು ಹಾಕಿಕೊಂಡ ಗೆರೆಗಿಂತ ಸ್ವಲ್ಪ ಮೇಲೆಯಲ್ಲ, ತುಂಬ ಮೇಲೆ. ಔಷಧಿ ಕೊಡುವುದಿಲ್ಲ. ವರ್ಷ ಬಿಟ್ಟು ಮತ್ತೆ ನೋಡೋಣ, ಕೆಲವರಲ್ಲಿ ಇಳಿಯುವುದೂ ಉಂಟು, ಆದರೆ ನಂಬಿಕೊಂಡು ಕೂರಬೇಡಿ ಅಂದರು. ಬೇರೆ ಚಿಪ್ಪು ಬಳಸುವ ಪ್ರಯೋಗಗಳು ನಡೆಯುತ್ತಿವೆಯಂತೆ. ಎಲ್ಲಿ, ಯಾವಾಗ ಅಂತ ಅವರಿಗೂ ಗೊತ್ತಿಲ್ಲ. ಅಷ್ಟರೊಳಗೆ ಇವನ ಕಾಲು ಏನಾಗಿರುತ್ತದೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ನ್ಯಾಯವಾಗಿ ಇನ್ನೊಂದು ಮಾತನ್ನೂ ತಿಳಿಸಬೇಕು. ಇದು ಪೀಪಿಯಿಂದಲೇ ಬಂತು ಅಂತ ಹೇಳಲಾಗುವುದಿಲ್ಲವಂತೆ. ಈ ವೈರಸ್ಸಿನ ಅಣ್ಣತಮ್ಮಂದಿರು ಎಲ್ಲ ಕಡೆ ಇದ್ದಾರೆ. ಎಷ್ಟೋ ಮಕ್ಕಳಿಗೆ ಆಟದ ಮೈದಾನದಲ್ಲೇ ತಗಲಿ, ಗೊತ್ತೇ ಆಗದೆ ಹೋಗಿರುತ್ತದೆ. ಎಂಜಲಿಂದ ಬರುವುದು ಅಪರೂಪ, ನಾವು ಹೇಳುವುದು ಮುನ್ನೆಚ್ಚರಿಕೆಗೆ, ಅಂದರು ಡಾಕ್ಟರಮ್ಮ. ಮಾರ್ಚ್‌ನಲ್ಲಿ ಹೀಗೆ ಹೇಳಿದ್ದರೆ ನಾನು ನಿನಗೆ ಹಾಗೆ ಬರೆಯುತ್ತಿರಲಿಲ್ಲವೋ ಏನೋ. ಬರೆಯುತ್ತಿದ್ದೆ ಅಂತಲೇ ತೋರುತ್ತದೆ.

ಗೊತ್ತುಮಾಡಿಕೊಳ್ಳಲು ಒಂದು ದಾರಿ ಇದೆ. ಚಳಿಗಾಲದಲ್ಲಿ ಬೇರೆ ಪರೀಕ್ಷೆಗೆ ಇಬ್ಬರ ರಕ್ತವನ್ನೂ ತೆಗೆದಿದ್ದರಲ್ಲ, ಚಿಕ್ಕವನದ್ದು ಸ್ವಲ್ಪ ಇನ್ನೂ ಫ್ರೀಜರಿನಲ್ಲಿದೆಯಂತೆ. ಪೀಪಿಗೂ ಮೊದಲಿನ ರಕ್ತ. ಅದರಲ್ಲಿ ಆಗಲೇ ಇದ್ದರೆ ನೀನು ಮಾಡಿದ್ದಲ್ಲ.

ಮಗಳು


ಜುಲೈ 14

ಮಗಳಿಗೆ,

ಪರೀಕ್ಷೆ ಮಾಡಿಸು. ಇದರಲ್ಲಿ ಕೇಳುವುದೇನಿದೆ?

ನಿನ್ನ ಪತ್ರ ಓದಿ ಒಂದು ದಿನ ಅಂಗಡಿ ತೆರೆಯಲಿಲ್ಲ. ತೆರೆದ ಮೇಲೂ ಕೆಲಸ ಮಾಡಲಿಲ್ಲ. ವಕೀಲರು ಬಂದು, "ಏನು, ಮೈಗೆ ಹುಷಾರಿಲ್ವಾ?" ಅಂದರು. "ನಿಮ್ಮ ಕುರ್ಚಿ ತೊಗೊಂಡು ಹೋಗಿ" ಅಂದೆ. ಹಣ ಕೊಡಲು ಬಂದರು. ಹೋಗಿ ಅಂದೆ.

ಫ್ರೀಜರಿನಲ್ಲಿ ಇದೆಯಂತೆ. ಚಳಿಗಾಲದಿಂದ ಅಲ್ಲೇ ಇದೆಯಂತೆ. ಅದನ್ನು ಮೊದಲೇ ತೆಗೆದು ನೋಡಲು ಯಾರು ಕೈ ಹಿಡಿದುಕೊಂಡಿದ್ದರು? ನಾಲ್ಕು ತಿಂಗಳಿಂದ ನಾನು ಇಲ್ಲಿ ಕೂತು ಆ ಹುಡುಗ ಪೀಪಿ ಊದಿದ್ದನ್ನೇ ಕೇಳಿಸಿಕೊಳ್ಳುತ್ತಿದ್ದೇನೆ. ಈ ಕಿವುಡು ಕಿವಿಗೆ ಅದೊಂದು ಮಾತ್ರ ಚೆನ್ನಾಗಿ ಕೇಳಿಸುತ್ತದೆ.

ಮೊದಲೇ ಇತ್ತು ಅಂತ ಬರಲಿ. ಬಂದರೆ ನಿನ್ನ ಗಂಡ ಬಂದು ನನ್ನ ಅಂಗಡಿಯಲ್ಲಿ ಕೂತು ಹೋಗಬೇಕು. ಇರಲಿಲ್ಲ ಅಂತ ಬಂದರೂ ಬರಲಿ. ನನ್ನದು ಅಂದರೆ ನನ್ನದು, ಅಲ್ಲ ಅಂದರೆ ಅಲ್ಲ. ಇರಬಹುದು, ಇಲ್ಲದಿರಬಹುದು ಅಂತ ತೂಗಾಡಿಕೊಂಡು ಬದುಕುವ ವಯಸ್ಸಲ್ಲ ನನ್ನದು.

ನಾಳೆಯೇ ಹೇಳು.

ಅಪ್ಪ


ಜುಲೈ 18

ಅಪ್ಪ,

ಲ್ಯಾಬಿನವರನ್ನು ಕೇಳಿದೆ. ನಾನು ಸಹಿ ಹಾಕಿದರೆ ಸೋಮವಾರವಲ್ಲ, ಅದರ ಮುಂದಿನ ಸೋಮವಾರ ಹೊರಗೆ ತೆಗೆದು ನೋಡುತ್ತಾರೆ. ಕಾಗದ ನನ್ನ ಚೀಲದಲ್ಲೇ ಇದೆ. ಹಾಕಲು ಕೈ ಬರುತ್ತಿಲ್ಲ. ಯಾಕೆ ಅಂತ ಹೇಳುತ್ತೇನೆ, ಕಾರಣ ಹೇಳದಿದ್ದರೆ ನೀನು ಏನು ಮಾಡುತ್ತೀಯೋ ಅಂತ ಹೆದರಿಕೆ.

ಯಾರಿಂದ ಬಂತು ಅಂತ ಹುಡುಕುವ ಪರೀಕ್ಷೆಯನ್ನು ನಾನು ಆಗಲೇ ಒಂದು ಸಲ ಮಾಡಿಸಿಕೊಂಡಿದ್ದೇನೆ. ಈ ಕಾಯಿಲೆ ತಾಯಿಯಿಂದ ಗಂಡುಮಕ್ಕಳಿಗೆ ಬರುತ್ತದೆ, ಎಲ್ಲ ಸಲ ಅಲ್ಲ, ನಿಮ್ಮದನ್ನೂ ನೋಡೋಣ ಅಂದರು. ನೋಡಿದರು. ನನ್ನಿಂದಲೇ ಅಂತ ಬಂತು. ಆ ಕಾಗದದಿಂದ ಯಾರ ಕಾಲೂ ಗಟ್ಟಿಯಾಗಲಿಲ್ಲ. ಇವರು ಒಂದು ಮಾತೂ ಆಡಲಿಲ್ಲ, ಅತ್ತೆ ಆಡಲಿಲ್ಲ, ನೀನೂ ಆಡಲಿಲ್ಲ. ಆದರೂ ಅವತ್ತಿನಿಂದ ಇಬ್ಬರಲ್ಲಿ ಯಾರು ಎಡವಿದರೂ ನಾನು ತಳ್ಳಿದ ಹಾಗೇ ಆಗುತ್ತದೆ.

ಇನ್ನೊಂದು ವಿಷಯ. ತಮ್ಮನಿಗೆ ಔಷಧಿ ಇಲ್ಲ ಅಂತ ಮೇಸ್ತ್ರಿಗೆ ಗೊತ್ತಾಗಿದೆ. ನಿನ್ನೆ ಸ್ನಾನ ಮಾಡಿಸುವಾಗ, ನನ್ನ ಮುಖ ನೋಡದೆ ಕೇಳಿದ, "ನನ್ನ ಪೀಪಿಯಿಂದಾನಾ?" ಸೋಪು ಕಣ್ಣಿಗೆ ಹೋಗುತ್ತೆ, ಕಣ್ಣು ಮುಚ್ಚು ಅಂದೆ. ಮುಚ್ಚಿಕೊಂಡ. ಆಮೇಲೆ ಕೇಳಲಿಲ್ಲ. ಇವತ್ತು ತನ್ನ ಆಟದ ಸಾಮಾನನ್ನೆಲ್ಲ ಬೀರುವಿನ ಮೇಲೆ, ತಮ್ಮನ ಕೈಗೆ ಸಿಗದ ಹಾಗೆ ಇಡಿಸಿಕೊಂಡ. ಚಿಕ್ಕವನು ಅತ್ತು ಕೂಗಿದರೂ ಕೊಡಲಿಲ್ಲ.

ನಿನ್ನ ಮೇಲೆ ನಾಲ್ಕು ತಿಂಗಳು ಸಿಟ್ಟು ಮಾಡಿಕೊಂಡಿದ್ದೇನೆ. ನಿಜ ತಿಳಿಯುವ ಹಕ್ಕು ನಿನಗಿದೆ. ನೀನು ಬೇಕು ಅಂದರೆ ಸಹಿ ಹಾಕುತ್ತೇನೆ.

ನಿನ್ನ ಮಗಳು


ಜುಲೈ 21

ಮಗಳೇ,

ಸಹಿ ಹಾಕಬೇಡ.

ನಾನು ಬರೆದದ್ದು ವಾಪಸ್ ತೆಗೆದುಕೊಂಡೆ. ನಾನು ಮಾತು ವಾಪಸ್ ತೆಗೆದುಕೊಳ್ಳುವುದು ನೀನು ನೋಡಿಲ್ಲ, ನೋಡಿಕೋ. ಆ ರಕ್ತ ಫ್ರೀಜರಿನಲ್ಲೇ ಇರಲಿ, ಇಲ್ಲ ಚೆಲ್ಲಲಿ. ಮೊದಲೇ ಇತ್ತು ಅಂತ ಬಂದರೆ ನಾನು ಗೆದ್ದೆ, ಎಲ್ಲರೂ ಗೆದ್ದಿರಿ. ಇರಲಿಲ್ಲ ಅಂತ ಬಂದರೆ? ನನ್ನೊಬ್ಬನದೇ ಆಗಿದ್ದರೆ ಈ ಜೂಜು ಆಡುತ್ತಿದ್ದೆ. ಮೇಸ್ತ್ರಿಯನ್ನು ಪಣಕ್ಕಿಟ್ಟು ಆಡಲಾರೆ. ನಾನಾದರೆ ಇನ್ನೆಷ್ಟು ದಿನ ಹೊರಬೇಕು. ಅವನು ಏಳು ವರ್ಷದವನು. ಈ ಔಷಧಿ ಹಿಡಿದರೆ ಅವನಿಗೆ ಬಹಳ ಆಯುಸ್ಸಿದೆ. ಅಷ್ಟೂ ದಿನ ತಮ್ಮ ನೆಲದಿಂದ ಏಳುವುದನ್ನು ನೋಡಿಕೊಂಡಿರಬೇಕು.

ನಿನ್ನಿಂದಲೇ ಅಂತ ಬಂದ ಆ ಕಾಗದದ ವಿಷಯ ಓದಿದೆ. ಅದಕ್ಕೆ ಉತ್ತರ ಮೂರು ಸಲ ಬರೆದು ಹರಿದೆ. ಬಂದಾಗ ಎದುರಿಗೆ ಕೂರುತ್ತೇನೆ, ಅಷ್ಟೇ.

ಈಗ ನಾನು ಹೇಳುವುದನ್ನು ಸರಿಯಾಗಿ ಕೇಳು, ಕಾರಣ ಸಮೇತ ಹೇಳುತ್ತೇನೆ. ಅವತ್ತು ಮೇಸ್ತ್ರಿ ಪೀಪಿ ಕೊಡುವಾಗ "ತೊಳೆದು ಕೊಡಜ್ಜ" ಅಂದಿದ್ದ. ನೀನು ಹಾಗಂತ ನಂಬು. ಅಂದಿರಲಿಲ್ಲ, ಆದರೂ ಅಂದಿದ್ದ. "ನರ್ಸ್ ಹೇಳಿದ್ದಾರೆ, ಸೋಪು ಹಾಕಿ ತೊಳೀಬೇಕು" ಅಂತ ಎರಡು ಸಲ ಹೇಳಿದ್ದ, ನಾನು ಮುದುಕ ಕಿವುಡ, ಕೇಳಿಸಿದರೂ ಉದಾಸೀನ ಮಾಡಿ ಹಾಗೇ ಕೊಟ್ಟೆ. ಮೇಸ್ತ್ರಿಯ ಕೆಲಸ ಮೇಸ್ತ್ರಿ ಸರಿಯಾಗಿ ಮಾಡಿದ್ದ, ಮಾತು ಕೇಳದವನು ಕೆಲಸದವನು. ಏಳು ವರ್ಷದ ಹುಡುಗನಿಗೆ ಒಂದು ಮಾತನ್ನು ನಾಲ್ಕು ಸಲ ಹೇಳಿದರೆ ಅದೇ ನೆನಪಾಗಿ ಕೂರುತ್ತದೆ. ಮುಂದಿನ ವರ್ಷ ಅವನೇ ಹೇಳುತ್ತಾನೆ, "ನಾನು ಆವತ್ತೇ ಹೇಳಿದ್ದೆ" ಅಂತ. ಅವನ ಸ್ವಭಾವಕ್ಕೆ ಆ ಮಾತು ಚೆನ್ನಾಗಿಯೇ ಹೊಂದುತ್ತದೆ.

ಆದರೆ ಬರೀ ನೀನು ಹೇಳಿದರೆ ನಂಬುವುದಿಲ್ಲ. ಅವನು ಧೂಳಿನ ಸುಳ್ಳನ್ನೇ ಹಿಡಿದವನು. ಆದ್ದರಿಂದ ಗುರುವಾರ ಬೆಳಗಿನ ಬಸ್ಸಿಗೆ ನಾನೇ ಬರುತ್ತೇನೆ. ಇಬ್ಬರೂ ಎದುರಿಗಿರುವಾಗ ನೀನು ನನ್ನನ್ನು ಬೈಯಬೇಕು. "ಅಷ್ಟು ಚಿಕ್ಕ ಹುಡುಗ ತೊಳೆದು ಕೊಡು ಅಂದರೂ ನಿಂಗೆ ಕೇಳಿಸಲಿಲ್ವಾ" ಅಂತ ಬೈಯಬೇಕು. ಮೆಲ್ಲಗೆ ಬೈದರೆ ಆಗುವುದಿಲ್ಲ. ಜೋರಾಗಿ, ಪಕ್ಕದ ಮನೆಯವರು ಕಿಟಕಿ ತೆಗೆಯುವಷ್ಟು ಜೋರಾಗಿ. ನಿನಗೆ ಬೈಯಲು ಬರುವುದಿಲ್ಲ, ನನ್ನ ಹೊಟ್ಟೆಯಲ್ಲಿ ಹುಟ್ಟಿ ಅದೊಂದನ್ನು ಕಲಿಯಲಿಲ್ಲ. ಬರುವಷ್ಟು ಬೈ. ನಾಲ್ಕು ತಿಂಗಳದ್ದು ಒಳಗೆ ಇಟ್ಟುಕೊಂಡಿದ್ದೀಯಲ್ಲ, ಅದನ್ನು ತೆಗೆ. ಅಳಿಯನಿಗೂ ಹೇಳು, ಅವನ ಪಾಲಿನದ್ದನ್ನು ಅವನೂ ಬೈಯಲಿ.

ನಾನು ತಿರುಗಿ ಒಂದು ಮಾತು ಆಡುವುದಿಲ್ಲ. ತಲೆ ತಗ್ಗಿಸಿಕೊಂಡು ನಿಂತಿರುತ್ತೇನೆ. ನನಗೆ ಅಭ್ಯಾಸವಿಲ್ಲ, ಆದರೂ ನಿಲ್ಲುತ್ತೇನೆ. ಮೇಸ್ತ್ರಿ "ಸಾಕು ಬಿಡಮ್ಮ" ಅನ್ನುವವರೆಗೆ ನೀನು ನಿಲ್ಲಿಸಬೇಡ.

ಗುರುವಾರ ನಿನ್ನ ಬಾಗಿಲಲ್ಲಿ,
ಅಪ್ಪ